ಮನೆಯಲ್ಲೇ ಆಲಿವ್ ಟ್ಯಾಪನಾಡ್: ಉಪ್ಪು ಮೀರದ ಹಾಗೆ, ನುಣ್ಣಗೆ ಪೇಸ್ಟ್ ಆಗದ ಹಾಗೆ ಮಾಡೋ ವಿಧಾನ

ಟ್ಯಾಪನಾಡ್ ಬಗ್ಗೆ ಬರೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರತ್ವೆ. ಉಪ್ಪು ಜಾಸ್ತಿ ಆಗೋಯ್ತು ಈಗೇನ್ ಮಾಡ್ಲಿ, ಒಳ್ಳೆ ಎಣ್ಣೆ ಹಾಕಿದ್ರೂ ಕಹಿ ಯಾಕ್ ಬಂತು, ಮಿಕ್ಸಿಗೆ ಹಾಕಿದ್ರೆ ಗ್ರೀಸ್ ಥರ ಆಗತ್ತೆ, ಎಷ್ಟು ದಿನ ಇಡಬಹುದು, ಮೀನು ಹಾಕ್ದೆ ಮಾಡಬಹುದಾ. ಇಷ್ಟೇ. ಒಲೆ ಹಚ್ಚೋ ಕೆಲಸವೇ ಇಲ್ಲದ, ನೆನೆಸೋ ಹೊತ್ತು, ಕೊನೇಲಿ ಫ್ರಿಜ್ಜಲ್ಲಿಡೋ ಹೊತ್ತು ಬಿಟ್ರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಯೋ ಐಟಂ ಇದು, ಆದ್ರೂ ಇಷ್ಟು ಜನಕ್ಕೆ ಕೆಡತ್ತೆ ಅಂದ್ರೆ ಕಾರಣ ಎರಡೇ ಎರಡು, ಒಂದು ಆಲಿವ್ ಆರಿಸೋದ್ರಲ್ಲಿ ತಪ್ಪು, ಇನ್ನೊಂದು ಉಪ್ಪಿನ ಲೆಕ್ಕ ಇಟ್ಕೊಳ್ಳದೇ ಇರೋದು. ಇವೆರಡನ್ನ ಹಿಡಿತಕ್ಕೆ ತಗೊಂಡ್ರೆ ಉಳಿದಿದ್ದು ಬರೀ ಹೆಚ್ಚೋದು, ಕಲಸೋದು.

ಗೊತ್ತಿಲ್ಲದವರಿಗೆ ಎರಡು ಮಾತು. ಟ್ಯಾಪನಾಡ್ ಅಂದ್ರೆ ಆಲಿವ್, ಕೇಪರ್ಸ್ (ಉಪ್ಪಲ್ಲಿ ಅಥವಾ ವಿನೆಗರ್‌ನಲ್ಲಿ ಹಾಕಿಟ್ಟ ಹೂಮೊಗ್ಗು), ಆಂಚೊವಿ ಮೀನು ಮತ್ತೆ ಆಲಿವ್ ಎಣ್ಣೆ ಸೇರಿಸಿ ತರಿತರಿಯಾಗಿ ಕುಟ್ಟಿ ಮಾಡೋ ಒಂದು ಸ್ಪ್ರೆಡ್, ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಕಡೆಯದು. ಊಟಕ್ಕೆ ಮುಂಚೆ ಡ್ರಿಂಕ್ಸ್ ಜೊತೆ ಸಣ್ಣ ಟೋಸ್ಟ್ ಮೇಲೆ ಹಚ್ಚಿ ಕೊಡ್ತಾರೆ. ಆಲಿವ್ ಕುಟ್ಟಿ ತಿನ್ನೋದು ಮೆಡಿಟರೇನಿಯನ್ ಕಡೆ ತುಂಬ ಹಳೇ ಪದ್ಧತಿ, ಆದ್ರೆ ಈಗಿನ ಟ್ಯಾಪನಾಡ್‌ಗೆ ರೂಪ ಕೊಟ್ಟಿದ್ದು 1880ರ ಹೊತ್ತಿಗೆ ಮಾರ್ಸೇ ಊರಿನ ಮೆನಿಯೆ ಅನ್ನೋ ಶೆಫ್ ಅಂತ ಹೇಳ್ತಾರೆ. ಅವರ ಅಳತೆ ಅಂತ ಹೇಳೋದ್ರಲ್ಲಿ ಕೇಪರ್ಸ್ ಮತ್ತೆ ಆಲಿವ್ ಸಮಸಮ ಇರತ್ತೆ. ಈಗ ಅಷ್ಟು ಯಾರೂ ಹಾಕಲ್ಲ, ಆದ್ರೆ ಈ ವಿಷಯ ತಲೇಲಿ ಇರಲಿ, ಯಾಕಂದ್ರೆ ಮನೇಲಿ ಮಾಡೋವಾಗ ಜನ ಕೇಪರ್ಸ್‌ನಲ್ಲೇ ಜಿಪುಣತನ ಮಾಡ್ತಾರೆ, ಆಮೇಲೆ ರುಚಿ ಸಪ್ಪೆ ಅಂತಾರೆ. ಕೇಪರ್ಸ್ ಕಮ್ಮಿ ಆದ್ರೆ ಅದು ಬರೀ ಆಲಿವ್ ಪೇಸ್ಟ್.

ಏನೇನು ಬೇಕು

6ರಿಂದ 8 ಜನಕ್ಕೆ ಸ್ಟಾರ್ಟರ್ ಆಗಿ ಸಾಕಾಗೋ ಅಳತೆ:

- ಬೀಜ ತೆಗೆದ ಕಪ್ಪು ಆಲಿವ್ 200 ಗ್ರಾಂ (ಬೀಜ ಇರೋದಾದ್ರೆ 260-270 ಗ್ರಾಂ ತಗೊಳ್ಳಿ)
- ಕೇಪರ್ಸ್ 3 ಟೇಬಲ್ ಚಮಚ, ನೀರು ಸೋಸಿದ ಮೇಲಿನ ಅಳತೆ
- ಎಣ್ಣೆಯಲ್ಲಿರೋ ಆಂಚೊವಿ 3 ಅಥವಾ 4 ತುಂಡು
- ಬೆಳ್ಳುಳ್ಳಿ 1 ಸಣ್ಣ ಎಸಳು, ಒಂದೇ
- ನಿಂಬೆ ರಸ 2 ಟೀ ಚಮಚ
- ಹಸಿ ಥೈಮ್ (ಘಮದ ಸೊಪ್ಪು) ಎಲೆ ಅರ್ಧ ಟೀ ಚಮಚ, ಒಣಗಿದ್ದಾದ್ರೆ ಒಂದು ಚಿಟಿಕೆ
- ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ 3ರಿಂದ 4 ಟೇಬಲ್ ಚಮಚ
- ಆಗ ತಾನೇ ಪುಡಿ ಮಾಡಿದ ಕಾಳುಮೆಣಸು

ಲಿಸ್ಟಲ್ಲಿ ಉಪ್ಪು ಬಿಟ್ಟುಹೋಗಿದೆ ಅನ್ಕೋಬೇಡಿ, ಬೇಕಂತಲೇ ಬರೆದಿಲ್ಲ. ಆಲಿವ್ ಉಪ್ಪಲ್ಲಿ ನೆಂದಿರತ್ತೆ, ಕೇಪರ್ಸ್ ಉಪ್ಪಲ್ಲಿ ನೆಂದಿರತ್ತೆ, ಆಂಚೊವಿ ಅಂತೂ ತಿಂಗಳುಗಟ್ಟಲೆ ಉಪ್ಪಲ್ಲೇ ಹೂತಿಟ್ಟಿರೋ ಮೀನು. ಮೂರೂ ಸೇರಿದ ಮೇಲೆ ಇನ್ನೊಂದು ಚಿಟಿಕೆ ಹಾಕಿದ್ರೂ ಕೆಡತ್ತೆ.

ಆಲಿವ್ ಆರಿಸೋದು, ಇಲ್ಲೇ ಅರ್ಧ ಕೆಲಸ ಮುಗಿಯತ್ತೆ

ಮರದಿಂದ ಕಿತ್ತ ಆಲಿವ್ ಹಾಗೇ ತಿನ್ನೋಕಾಗಲ್ಲ, ಓಲ್ಯುರೊಪೀನ್ ಅನ್ನೋ ಅಂಶದಿಂದ ಬಾಯಿಗೆ ಇಡೋಕಾಗದಷ್ಟು ಕಹಿ ಇರತ್ತೆ. ಆ ಕಹಿ ಇಳಿಸೋಕೆ ಉಪ್ಪುನೀರಲ್ಲಿ ತಿಂಗಳುಗಟ್ಟಲೆ ಇಡ್ತಾರೆ, ಇಲ್ಲಾ ಒಣ ಉಪ್ಪಲ್ಲಿ ಹಾಕಿ ಸುಕ್ಕುಗಟ್ಟಿಸ್ತಾರೆ, ಇಲ್ಲಾ ಕ್ಷಾರದ ನೀರಲ್ಲಿ ಬೇಗ ಮುಗಿಸ್ತಾರೆ. ಡಬ್ಬದ ಮೇಲೆ ‘ಕಪ್ಪು ಆಲಿವ್’ ಅಂತ ಒಂದೇ ಹೆಸರಿದ್ರೂ ಒಳಗಿನ ರುಚಿ ಬೇರೆ ಬೇರೆ ಇರೋದು ಇದಕ್ಕೇ.

ಪ್ರೊವಾನ್ಸ್‌ನಲ್ಲಿ ಹೆಸರಾಗಿರೋದು ನೀಸ್ ಕಡೆಯ ಸಣ್ಣ ಆಲಿವ್ ಮತ್ತೆ ನಿಯೋನ್ಸ್ ಊರಿನ ಸುಕ್ಕು ಸುಕ್ಕಾದ ಕಪ್ಪು ಆಲಿವ್. ನೀಸ್ ಆಲಿವ್ ಸಿಕ್ಕಿದ್ರೆ ತುಂಬ ಒಳ್ಳೇದು, ಆದ್ರೆ ಕಾಯಿ ಪುಟ್ಟದು, ಬೀಜ ತೆಗೆಯೋಕೆ ತಾಳ್ಮೆ ಬೇಕು. ಸುಲಭವಾಗಿ ಸಿಗೋದು ಗ್ರೀಸ್ ದೇಶದ ಕಲಾಮಾಟಾ, ನೇರಳೆ ಬಣ್ಣ, ಬಾದಾಮಿ ಆಕಾರ, ಸ್ವಲ್ಪ ಹುಳಿ, ಸ್ವಲ್ಪ ಹಣ್ಣಿನ ರುಚಿ. ಮೊದಲ ಸಲ ಮಾಡೋರಿಗೆ ನಾನು ಹೇಳೋದು ಕಲಾಮಾಟಾನೇ. ಅದು ವಿನೆಗರ್‌ನಲ್ಲಿ ಬಂದಿದ್ರೆ ನಿಂಬೆ ರಸ ಅರ್ಧಕ್ಕೆ ಇಳಿಸಿ, ಅಷ್ಟೇ.

ಒಣ ಉಪ್ಪಲ್ಲಿ ಸುಕ್ಕುಗಟ್ಟಿಸಿದ ಆಲಿವ್ ಒಂದನ್ನೇ ಹಾಕಿ ಮಾಡಿದ್ರೆ ಉಪ್ಪು, ಕಹಿ ಎರಡೂ ಜಾಸ್ತಿ ಆಗತ್ತೆ, ಕಲಾಮಾಟಾ ಜೊತೆ ಅರ್ಧ ಅರ್ಧ ಬೆರೆಸಿ.

ಈಗ ತಗೋಬಾರದ್ದು. ಟಿನ್ನಲ್ಲಿ ಬರೋ, ಒಂದೇ ಸಮ ಕಪ್ಪಾಗಿ ಹೊಳೆಯೋ, ಮಧ್ಯೆ ತೂತಿರೋ ಆಲಿವ್, ಪಿಜ್ಜಾ ಮೇಲೆ ಉಂಗುರ ಉಂಗುರ ಹಾಕ್ತಾರಲ್ಲ ಅದು. ಅದು ಮರದಲ್ಲಿ ಹಣ್ಣಾಗಿ ಕಪ್ಪಾಗಿದ್ದಲ್ಲ. ಕಾಯಿ ಇನ್ನೂ ಪೂರ್ತಿ ಹಣ್ಣಾಗೋ ಮುಂಚೆನೇ ಕಿತ್ತು, ಕ್ಷಾರದಲ್ಲಿ ನೆನೆಸಿ, ಗಾಳಿ ಹಾಯಿಸಿ ಕಪ್ಪು ಮಾಡಿ, ಆ ಬಣ್ಣ ಹಾಗೇ ನಿಲ್ಲಲಿ ಅಂತ ಫೆರಸ್ ಗ್ಲುಕೋನೇಟ್ ಅನ್ನೋ ಕಬ್ಬಿಣದ ಲವಣ ಸೇರಿಸಿರ್ತಾರೆ. ತಿಂದ್ರೆ ಏನೂ ಆಗಲ್ಲ, ಅದರ ಬಗ್ಗೆ ಹೆದರಿಕೆ ಬೇಡ, ಆದ್ರೆ ಟ್ಯಾಪನಾಡ್‌ಗೆ ಬೇಕಾದ ರುಚಿ ಅದ್ರಲ್ಲಿ ಇಲ್ಲ. ಲೇಬಲ್‌ನ ಪದಾರ್ಥಗಳ ಪಟ್ಟಿ ಓದಿ, ಫೆರಸ್ ಗ್ಲುಕೋನೇಟ್ ಅಥವಾ ಇ579 ಅಂತ ಇದ್ರೆ ವಾಪಸ್ ಇಟ್ಬಿಡಿ. ‘ಟ್ಯಾಪನಾಡ್ ಮಾಡಿದೆ, ರುಚಿನೇ ಇಲ್ಲ’ ಅನ್ನೋರಲ್ಲಿ ಬಹಳ ಜನ ಬಳಸಿರೋದು ಇದನ್ನೇ.

ಕೇಪರ್ಸ್ ಬಗ್ಗೆ ಚಿಕ್ಕದಾಗಿ: ಅದು ಒಂದು ಮುಳ್ಳುಗಿಡದ ಅರಳದ ಮೊಗ್ಗು, ಉಪ್ಪಲ್ಲಿ ಅಥವಾ ವಿನೆಗರ್ ನೀರಲ್ಲಿ ಹಾಕಿಟ್ಟಿರ್ತಾರೆ. ಉಪ್ಪಲ್ಲಿರೋದಕ್ಕೆ ಹೂವಿನ ಘಮ ಚೆನ್ನಾಗಿ ಉಳಿದಿರತ್ತೆ, ಸಿಕ್ಕಿದ್ರೆ ಅದೇ ತಗೊಳ್ಳಿ. ಆಂಚೊವಿ ಅಂದ್ರೆ ಬೆರಳುದ್ದದ ಸಣ್ಣ ಮೀನು, ಉಪ್ಪಲ್ಲಿ ಹದ ಮಾಡಿ ಎಣ್ಣೇಲಿ ಇಟ್ಟಿರೋದು. ವಿನೆಗರ್‌ನಲ್ಲಿರೋ ಬಿಳಿ ಆಂಚೊವಿ ಬೇರೆ ವಸ್ತು, ಇದಕ್ಕೆ ಆಗಲ್ಲ.

ಮಾಡೋ ಹಂತಗಳು

1. ಮೊದಲು ಒಂದು ಆಲಿವ್ ತಿಂದು ನೋಡಿ. ಡಬ್ಬ ತೆಗೆದ ತಕ್ಷಣ, ಏನೂ ಮಾಡೋಕೆ ಮುಂಚೆ. ಹಾಗೇ ಇನ್ನೊಂದು ತಿನ್ನಬೇಕು ಅನ್ನಿಸಿದ್ರೆ ತೊಳೆಯೋದೇ ಬೇಡ, ನೀರು ಸೋಸಿದ್ರೆ ಸಾಕು. ಉಪ್ಪು ನಾಲಿಗೆಗೆ ಹೊಡೆಯೋ ಹಾಗಿದ್ರೆ ತಣ್ಣೀರಲ್ಲಿ 10-15 ನಿಮಿಷ ನೆನೆಸಿ, ನೀರು ಚೆಲ್ಲಿ, ಮತ್ತೆ ಒಂದು ತಿಂದು ನೋಡಿ. ಇನ್ನೂ ಉಪ್ಪಿದ್ರೆ ಇನ್ನೊಂದು ಸುತ್ತು. ಗಂಟೆಗಟ್ಟಲೆ ನೆನೆಸಿಡ್ಬೇಡಿ, ಉಪ್ಪಿನ ಜೊತೆ ರುಚಿನೂ ನೀರಿಗೆ ಹೋಗತ್ತೆ.

2. ಕೇಪರ್ಸ್‌ನ ಉಪ್ಪು ಬಿಡಿಸಿ. ಉಪ್ಪಲ್ಲಿದ್ದ ಕೇಪರ್ಸ್ ಆದ್ರೆ ಜರಡಿಗೆ ಹಾಕಿ ನಲ್ಲಿ ಕೆಳಗೆ ಚೆನ್ನಾಗಿ ತೊಳೆದು, ಆಮೇಲೆ 15-20 ನಿಮಿಷ ನೀರಲ್ಲಿ ನೆನೆಸಿ, ಮಧ್ಯೆ ಒಂದು ಸಲ ನೀರು ಬದಲಾಯಿಸಿ. ವಿನೆಗರ್ ನೀರಲ್ಲಿದ್ದ ಕೇಪರ್ಸ್‌ಗೆ ಒಂದು ಸಲ ತೊಳೆದ್ರೆ ಆಯ್ತು.

3. ಒದ್ದೆ ಆರಿಸಿ. ಇದನ್ನ ಸುಮಾರು ಜನ ಬಿಟ್ಟೇ ಬಿಡ್ತಾರೆ. ಆಲಿವ್, ಕೇಪರ್ಸ್ ಎರಡನ್ನೂ ಬಟ್ಟೆ ಅಥವಾ ಕಿಚನ್ ಪೇಪರ್ ಮೇಲೆ ಹರಡಿ ಮೇಲಿಂದ ಒತ್ತಿ ನೀರು ತೆಗೀರಿ, ಕೇಪರ್ಸ್ ಮುಷ್ಟೀಲಿ ಹಿಡಿದು ಹಿಂಡಿ. ನೀರು ಉಳಿದ್ರೆ ಟ್ಯಾಪನಾಡ್ ತೆಳ್ಳಗಾಗತ್ತೆ, ಟೋಸ್ಟ್ ಮೇಲೆ ಹಚ್ಚಿದ ಎರಡೇ ನಿಮಿಷಕ್ಕೆ ಬ್ರೆಡ್ ಮೆತ್ತಗಾಗತ್ತೆ, ಬಟ್ಟಲಿನ ಅಂಚಲ್ಲಿ ಕಪ್ಪು ನೀರು ಬಿಟ್ಕೊಳ್ಳತ್ತೆ.

4. ಬೀಜ ತೆಗೆಯಿರಿ. ಆಲಿವ್‌ನ ಹಲಗೆ ಮೇಲಿಟ್ಟು, ಅಗಲವಾದ ಚಾಕುವನ್ನ ಅಡ್ಡಡ್ಡ ಮಲಗಿಸಿ ಅಂಗೈಯಿಂದ ಒತ್ತಿ, ಚಾಕುವಿನ ಅಲಗು ನಿಮ್ಮ ಕಡೆಗಲ್ಲ, ಆಚೆ ಕಡೆಗೆ ಇರಲಿ. ಕಾಯಿ ಪಟ್ ಅಂತ ಸೀಳತ್ತೆ, ಬೀಜ ಬೆರಳಲ್ಲೇ ಎತ್ತಬಹುದು. ಚಾಕು ಭಯ ಇದ್ರೆ ದಪ್ಪ ಲೋಟದ ತಳದಿಂದ ಒತ್ತಿದ್ರೂ ಆಗತ್ತೆ.

‘ಬೀಜ ತೆಗೆದ’ ಅಂತ ಬರೆದಿರೋ ಡಬ್ಬ ತಂದಿದ್ರೂ ದಯವಿಟ್ಟು ಒಂದೊಂದನ್ನೂ ಬೆರಳಲ್ಲಿ ಹಿಸುಕಿ ನೋಡಿ. ಮೆಷಿನ್ ಬಿಟ್ಟುಹೋಗಿರೋ ಇಡೀ ಬೀಜ ಅಥವಾ ಬೀಜದ ಚೂರು ಒಂದೊಂದು ಸಿಗತ್ತೆ, ಅದು ಕಲ್ಲಿನಷ್ಟು ಗಟ್ಟಿ. ಮಿಕ್ಸಿ ಬ್ಲೇಡ್ ಹಾಳಾಗೋದು ಒಂದು ಕಡೆ ಇರಲಿ, ಪುಡಿಯಾಗಿ ಬೆರೆತು ಹೋದ್ರೆ ಹುಡುಕಿ ತೆಗೆಯೋಕೆ ಆಗಲ್ಲ, ತಿನ್ನೋರ ಹಲ್ಲಿಗೆ ಸಿಗತ್ತೆ.

5. ಬೆಳ್ಳುಳ್ಳಿ, ಆಂಚೊವಿ ಮೊದಲು ಅರೆಯಿರಿ. ಬೆಳ್ಳುಳ್ಳಿ ಎಸಳನ್ನ ಉದ್ದಕ್ಕೆ ಸೀಳಿ, ಒಳಗೆ ಹಸಿರು ಮೊಳಕೆ ಇದ್ರೆ ತೆಗೆದುಹಾಕಿ, ಘಾಟು ಕಮ್ಮಿ ಆಗತ್ತೆ. ಆಂಚೊವಿಯ ಎಣ್ಣೆ ಒರೆಸಿ. ಎರಡನ್ನೂ ಕುಟ್ಟಾಣೀಲಿ ಹಾಕಿ ನುಣ್ಣಗೆ ಅರೆಯಿರಿ. ಇವೆರಡು ಮಾತ್ರ ನುಣ್ಣಗೇ ಆಗ್ಬೇಕು, ಇಲ್ಲಾಂದ್ರೆ ಒಂದು ತುತ್ತಲ್ಲಿ ಹಸಿ ಬೆಳ್ಳುಳ್ಳಿ ಚೂರು, ಇನ್ನೊಂದು ತುತ್ತಲ್ಲಿ ಬರೀ ಮೀನು ಸಿಕ್ಕಿ ತಿನ್ನೋರ ಮುಖ ಕಿವುಚತ್ತೆ. ಆಂಚೊವಿ ಸರಿಯಾಗಿ ಕರಗಿ ಬೆರೆತ್ರೆ ಮೀನಿನ ವಾಸನೆ ಅಂತ ಬೇರೆಯಾಗಿ ಗೊತ್ತಾಗೋದೇ ಇಲ್ಲ, ಒಟ್ಟು ರುಚಿಗೆ ಒಂದು ಆಳ ಬರತ್ತೆ ಅಷ್ಟೇ.

ಬೆಳ್ಳುಳ್ಳಿ ಒಂದೇ ಎಸಳು ಯಾಕೆ ಅಂದ್ರೆ ಹಸಿ ಬೆಳ್ಳುಳ್ಳಿ ಇಟ್ಟಷ್ಟೂ ಜೋರಾಗತ್ತೆ. ಮಾಡಿದಾಗ ಕಮ್ಮಿ ಅನ್ನಿಸಿದ್ದು ಮಾರನೇ ದಿನಕ್ಕೆ ಸರಿ ಇರತ್ತೆ, ಮಾಡಿದಾಗ ಸರಿ ಅನ್ನಿಸಿದ್ದು ಮಾರನೇ ದಿನ ಬೇರೆ ಯಾವ ರುಚಿನೂ ಗೊತ್ತಾಗದ ಹಾಗೆ ಮಾಡತ್ತೆ.

6. ಆಲಿವ್, ಕೇಪರ್ಸ್ ತರಿತರಿ ಮಾಡಿ. ಮೂರು ದಾರಿ ಇದೆ. ಕುಟ್ಟಾಣಿ ದೊಡ್ಡದಿದ್ರೆ ಅದ್ರಲ್ಲೇ ಸ್ವಲ್ಪ ಸ್ವಲ್ಪ ಹಾಕಿ ಕುಟ್ಟಿ, ರುಚಿಯಲ್ಲಿ ಇದನ್ನ ಮೀರಿಸೋದಿಲ್ಲ, ಪ್ರೊವಾನ್ಸಿನ ಹಳೇ ರೀತಿನೂ ಇದೇ. ಅಷ್ಟು ತಾಳ್ಮೆ ಇಲ್ಲಾಂದ್ರೆ ಹಲಗೆ ಮೇಲೆ ಚಾಕುವಲ್ಲಿ ಸಣ್ಣಗೆ ಕೊಚ್ಚಿ, ಇದೂ ತುಂಬ ಚೆನ್ನಾಗಿ ಬರತ್ತೆ, ಕಾಯಿ ಜಜ್ಜಿಹೋಗದೆ ಚೂರು ಚೂರಾಗಿ ಉಳಿಯತ್ತೆ.

ಮಿಕ್ಸಿನೇ ಬೇಕು ಅಂದ್ರೆ ಚಿಕ್ಕ ಜಾರಲ್ಲಿ ಹಾಕಿ ಪಲ್ಸ್ ಮಾಡಿ, ಅಂದ್ರೆ ಒಂದು ಸೆಕೆಂಡು ತಿರುಗಿಸಿ ನಿಲ್ಲಿಸೋದು, ಮತ್ತೆ ಒಂದು ಸೆಕೆಂಡು, ನಿಲ್ಲಿಸೋದು. ಎರಡು ಮೂರು ಪಲ್ಸ್‌ಗೆ ಒಂದು ಸಲ ಮುಚ್ಚಳ ತೆಗೆದು ಸೈಡಲ್ಲಿ ಅಂಟಿದ್ದನ್ನ ಚಮಚದಲ್ಲಿ ಕೆಳಗೆ ತಳ್ಳಿ, ಚಮಚ ಹಾಕೋ ಮುಂಚೆ ಸ್ವಿಚ್ ಆಫ್ ಮಾಡಿರಿ. ದೊಡ್ಡ ಚೂರು ಅಕ್ಕಿ ಕಾಳಿನಷ್ಟಾದಾಗ ನಿಲ್ಲಿಸ್ಬಿಡಿ, ಕೈ ಹೋಗಿ ಇನ್ನೊಂದು ಸಲ ಒತ್ತೋಣ ಅನ್ಸತ್ತೆ, ಒತ್ಬೇಡಿ. ತರಿ ಇದ್ರೆ ಬೇಕಾದಾಗ ನುಣ್ಣಗೆ ಮಾಡ್ಕೋಬಹುದು, ನುಣ್ಣಗಾಗಿದ್ದನ್ನ ಮತ್ತೆ ತರಿ ಮಾಡೋಕಾಗಲ್ಲ.

7. ಎಣ್ಣೆ ಕೈಯಲ್ಲೇ ಬೆರೆಸಿ, ಮಿಕ್ಸಿಗೆ ಹಾಕ್ಬೇಡಿ. ಆ ಕಹಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಎಕ್ಸ್‌ಟ್ರಾ ವರ್ಜಿನ್ ಎಣ್ಣೇಲಿ ಪಾಲಿಫಿನಾಲ್ ಅನ್ನೋ ಕಹಿ ಅಂಶಗಳು ಸಹಜವಾಗೇ ಇರತ್ವೆ, ಹಾಗೇ ಇದ್ದಾಗ ಗಂಟಲಲ್ಲಿ ಸಣ್ಣಗೆ ಖಾರ ಅನ್ನಿಸೋದು ಅದೇ. ಬ್ಲೇಡ್ ಜೋರಾಗಿ ತಿರುಗಿ ಎಣ್ಣೆಯನ್ನ ತೀರಾ ಸಣ್ಣ ಹನಿಗಳಾಗಿ ಒಡೆದಾಗ ಆ ಕಹಿ ಎದ್ದು ಕಾಣತ್ತೆ. ಎಣ್ಣೆ ಒಳ್ಳೇದಾದಷ್ಟೂ ಕಹಿ ಜಾಸ್ತಿ, ಅದಕ್ಕೇ ದುಬಾರಿ ಎಣ್ಣೆ ತಂದವರೇ ಹೆಚ್ಚು ಬೇಜಾರು ಮಾಡ್ಕೊಳ್ಳೋದು. ಹಾಗಾಗಿ ಹೆಚ್ಚಿದ್ದನ್ನೆಲ್ಲ ಬಟ್ಟಲಿಗೆ ಹಾಕಿ, ಬೆಳ್ಳುಳ್ಳಿ ಆಂಚೊವಿ ಅರೆದಿದ್ದು ಸೇರಿಸಿ, ಥೈಮ್, ಕಾಳುಮೆಣಸು ಹಾಕಿ, ಆಮೇಲೆ ಎಣ್ಣೆಯನ್ನ ಒಂದೊಂದೇ ಚಮಚ ಸುರಿದು ಫೋರ್ಕಲ್ಲಿ ಕಲಸಿ. ಚಮಚದಲ್ಲಿ ಎತ್ತಿದಾಗ ಗುಡ್ಡೆಯಾಗಿ ನಿಲ್ಲಬೇಕು, ಮೇಲ್ಮೈ ಹೊಳೀಬೇಕು, ಆದ್ರೆ ಸುತ್ತ ಎಣ್ಣೆ ಹರೀಬಾರದು. 3 ಚಮಚಕ್ಕೇ ಆ ಹದ ಬಂದ್ರೆ ಅಲ್ಲಿಗೇ ನಿಲ್ಲಿಸಿ.

8. ನಿಂಬೆ ರಸ ಕೊನೇಲಿ, ರುಚಿ ನೋಡ್ತಾ. ಮೊದಲು 1 ಚಮಚ, ಕಲಸಿ, ತಿಂದು ನೋಡಿ, ಬೇಕಿದ್ರೆ ಇನ್ನೊಂದು. ರುಚಿ ನೋಡೋವಾಗ ಖಾಲಿ ಚಮಚದಲ್ಲಿ ನೆಕ್ಕಬೇಡಿ, ಬ್ರೆಡ್ ಚೂರಿನ ಮೇಲೆ ಹಾಕಿ ತಿನ್ನಿ. ಬರೀ ತಿಂದಾಗ ಉಪ್ಪು ಅನ್ನಿಸಿದ್ದು ಬ್ರೆಡ್ ಜೊತೆ ಸರಿಯಾಗಿರತ್ತೆ, ಕೊಡೋದು ಹೇಗೋ ನೋಡೋದೂ ಹಾಗೇ ಇರಲಿ.

9. ಒಂದು ಗಂಟೆ ಬಿಡಿ. ಮುಚ್ಚಿ ಫ್ರಿಜ್ಜಲ್ಲಿಡಿ. ಕೊಡೋಕೆ ಅರ್ಧ ಗಂಟೆ ಮುಂಚೆ ಆಚೆ ತೆಗೀರಿ, ತಣ್ಣಗಿದ್ರೆ ಎಣ್ಣೆ ಗಟ್ಟಿಯಾಗಿ ರುಚಿ ಮುಚ್ಚಿಹೋಗಿರತ್ತೆ.

ಮೀನು ಬೇಡದವರಿಗೆ

ಆಂಚೊವಿ ಬಿಟ್ಟು ಕೇಪರ್ಸ್ ಇನ್ನೊಂದು ಟೇಬಲ್ ಚಮಚ ಹೆಚ್ಚು ಹಾಕಿ, ಎಣ್ಣೇಲಿಟ್ಟ ಒಣ ಟೊಮೆಟೊ ಒಂದೆರಡು ತುಂಡು ನುಣ್ಣಗೆ ಅರೆದು ಸೇರಿಸಿ, ಆಂಚೊವಿ ಕೊಡ್ತಿದ್ದ ಆಳ ಅದ್ರಿಂದ ಸ್ವಲ್ಪ ಮಟ್ಟಿಗೆ ಬರತ್ತೆ. ಮೂಲದ ರುಚಿ ಅದೇ ಅಂತ ಹೇಳಲ್ಲ, ಆದ್ರೆ ತನ್ನಷ್ಟಕ್ಕೆ ಚೆನ್ನಾಗಿರತ್ತೆ.

ಸಸ್ಯಾಹಾರಿಗಳು ಎರಡು ಕಡೆ ಹುಷಾರಾಗಿರಬೇಕು. ರೆಡಿಮೇಡ್ ಟ್ಯಾಪನಾಡ್ ಬಾಟಲಿಗಳಲ್ಲಿ ಆಂಚೊವಿ ಇರೋದು ಮಾಮೂಲಿ, ಮುಂದುಗಡೆ ಲೇಬಲ್‌ನಲ್ಲಿ ಬರೀ ಆಲಿವ್ ಚಿತ್ರ ಇರತ್ತೆ, ಹಿಂದೆ ತಿರುಗಿಸಿ ಓದಿ. ಇನ್ನೊಂದು, ಒಳಗೆ ತುಂಬಿಸಿರೋ ಹಸಿರು ಆಲಿವ್‌ನಲ್ಲಿ ಕೆಂಪು ಮೆಣಸಿನ ತುಂಡು ಇರೋದೂ ಇದೆ, ಆಂಚೊವಿ ಪೇಸ್ಟ್ ಇರೋದೂ ಇದೆ. ಅತಿಥಿಗಳಿಗೆ ಕೊಡೋವಾಗ ಇದ್ರಲ್ಲಿ ಮೀನಿದೆ ಅಂತ ನೀವೇ ಬಾಯ್ಬಿಟ್ಟು ಹೇಳಿ, ನೋಡಿದ್ರೆ ಗೊತ್ತಾಗೋ ವಸ್ತು ಅಲ್ಲ ಇದು, ಅಲರ್ಜಿ ಇರೋರಿಗೆ ನಿಜವಾಗ್ಲೂ ಅಪಾಯ.

ಹಸಿರು ಆಲಿವ್‌ನಲ್ಲೂ ಮಾಡ್ತಾರೆ, ಅದಕ್ಕೆ ಸಿಪ್ಪೆ ತೆಗೆದ ಬಾದಾಮಿ 30-40 ಗ್ರಾಂ ಜೊತೆಗೆ ಹಾಕಿದ್ರೆ ಹಸಿರು ಆಲಿವ್‌ನ ಚೂಪು ಹುಳಿ ತಗ್ಗತ್ತೆ. ಪಿಶೋಲಿನ್ ಜಾತಿಯದ್ದು ಸಿಕ್ಕಿದ್ರೆ ಅದು ಫ್ರಾನ್ಸಿನದೇ, ಗಟ್ಟಿಯಾಗಿ ಚೆನ್ನಾಗಿರತ್ತೆ. ಉಳಿದ ಹಂತ ಎಲ್ಲ ಮೇಲಿನದ್ದೇ.

ಹೇಗೆ ಕೊಡೋದು

ಬಗೆಟ್ ಅಂದ್ರೆ ಉದ್ದ ಕೋಲಿನ ಥರದ ಫ್ರೆಂಚ್ ಬ್ರೆಡ್, ಅದನ್ನ ಅರ್ಧ ಇಂಚು ದಪ್ಪಕ್ಕೆ ಓರೆಯಾಗಿ ಹೆಚ್ಚಿ, 180 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ 8-10 ನಿಮಿಷ ಅಂಚು ಕೆಂಪಾಗೋ ತನಕ ಟೋಸ್ಟ್ ಮಾಡಿ. ಬೆಣ್ಣೆ ಬೇಡ. ಒಂದು ಟೋಸ್ಟ್‌ಗೆ ಒಂದು ಟೀ ಚಮಚ ಸಾಕು, ಜಾಸ್ತಿ ಹಚ್ಚಿದ್ರೆ ಉಪ್ಪು ಅಂತಾರೆ, ತಪ್ಪು ಟ್ಯಾಪನಾಡ್‌ದಲ್ಲ. ಮೊದಲೇ ಎಲ್ಲಾ ಟೋಸ್ಟ್‌ಗೂ ಹಚ್ಚಿಡ್ಬೇಡಿ, ಮೆತ್ತಗಾಗತ್ತೆ. ಬಟ್ಟಲಲ್ಲಿ ಟ್ಯಾಪನಾಡ್, ಪಕ್ಕ ಟೋಸ್ಟ್ ಇಟ್ಟು ಅವರವರೇ ಹಚ್ಕೊಳ್ಳಲಿ.

ಬ್ರೆಡ್ ಅಲ್ಲದೆ ಉದ್ದುದ್ದ ಹೆಚ್ಚಿದ ಸೌತೆಕಾಯಿ, ಕ್ಯಾರೆಟ್, ಮೂಲಂಗಿ, ಸೆಲರಿ ಜೊತೆಗೂ ಒಳ್ಳೇ ಜೋಡಿ, ತರಕಾರಿಯ ಸಪ್ಪೆ ನೀರಿನಂಶ ಇದರ ಉಪ್ಪನ್ನ ತೂಗಿಸತ್ತೆ. ನನಗೆ ಎಲ್ಲಕ್ಕಿಂತ ಇಷ್ಟ ಮೊಟ್ಟೆ: ಗಟ್ಟಿಯಾಗಿ ಬೇಯಿಸಿ ಎರಡು ಭಾಗ ಮಾಡಿ, ಹಳದಿ ತೆಗೆದು ಟ್ಯಾಪನಾಡ್ ಜೊತೆ ಮ್ಯಾಶ್ ಮಾಡಿ ಮತ್ತೆ ಬಿಳಿ ಭಾಗದೊಳಗೆ ತುಂಬೋದು. ನಾಲ್ಕು ಮೊಟ್ಟೆಗೆ 2 ಟೇಬಲ್ ಚಮಚ ಹಿಡಿಯತ್ತೆ. ಮೆತ್ತನೆ ಮೇಕೆ ಹಾಲಿನ ಚೀಸ್ ಹಚ್ಚಿ ಅದರ ಮೇಲೆ ಹಾಕಿದ್ರೂ ಸೊಗಸಾಗಿರತ್ತೆ.

ಕೆಟ್ರೆ ಸರಿ ಮಾಡೋದು

ಉಪ್ಪು ಜಾಸ್ತಿ ಆದ್ರೆ ನೀರು ಹಾಕ್ಬೇಡಿ. ನೆನೆಸಿ ಉಪ್ಪು ತೆಗೆದ ಆಲಿವ್ ಇನ್ನೊಂದಿಷ್ಟು ಹೆಚ್ಚಿ ಹಾಕಿ, ಅದು ಇಲ್ಲಾಂದ್ರೆ ಬಾದಾಮಿ ಪುಡಿ ಅಥವಾ ಬೆಂದ ಮೊಟ್ಟೆಯ ಹಳದಿ ಬೆರೆಸಿ. ನಿಂಬೆ ರಸ ಉಪ್ಪು ಕಮ್ಮಿ ಮಾಡಲ್ಲ, ಆದ್ರೆ ಎರಡು ಹನಿ ಹಾಕಿದ್ರೆ ನಾಲಿಗೆಗೆ ಅಷ್ಟು ಹೊಡೆಯಲ್ಲ. ಕಹಿ ಬಂದಿದ್ರೆ ಒಂದು ಚಿಟಿಕೆ ಸಕ್ಕರೆ, ಕಾಲು ಚಮಚ ನಿಂಬೆ ರಸ ಹಾಕಿ ನೋಡಿ. ತೆಳ್ಳಗಾಗಿದ್ರೆ ಜರಡೀಲಿ ಹಾಕಿ ಹತ್ತು ನಿಮಿಷ ಬಿಡಿ, ಹೆಚ್ಚಿನ ನೀರು, ಎಣ್ಣೆ ಇಳಿದುಹೋಗತ್ತೆ. ನುಣ್ಣಗೆ ಪೇಸ್ಟ್ ಆಗೋಗಿದ್ರೆ ಐದಾರು ಆಲಿವ್, ಒಂದು ಚಮಚ ಕೇಪರ್ಸ್ ಚಾಕುವಲ್ಲಿ ದಪ್ಪ ದಪ್ಪ ಕೊಚ್ಚಿ ಕಲಸಿ, ತಿನ್ನೋರಿಗೆ ಬಾಯಿಗೆ ತರಿ ಸಿಗತ್ತೆ.

ಎಷ್ಟು ದಿನ ಇಡಬಹುದು, ಇದನ್ನ ಮಾತ್ರ ಸರಿಯಾಗಿ ಓದಿ

ಉಪ್ಪಿದೆ, ಎಣ್ಣೆ ಇದೆ, ಆಚೆ ಇಟ್ರೂ ಕೆಡಲ್ಲ ಅನ್ನೋ ನಂಬಿಕೆ ತುಂಬ ಜನಕ್ಕಿದೆ. ಅದು ತಪ್ಪು, ಅಪಾಯದ್ದೂ ಹೌದು. ಹಸಿ ಬೆಳ್ಳುಳ್ಳಿ ಮಣ್ಣಿನೊಳಗೆ ಬೆಳೆಯೋದು, ಬೋಟುಲಿಸಂ ಅನ್ನೋ ತೀವ್ರ ವಿಷಬಾಧೆ ತರೋ ಬ್ಯಾಕ್ಟೀರಿಯಾದ ಬೀಜಾಣು ಅದ್ರಲ್ಲಿ ಇರಬಹುದು. ಆ ಬ್ಯಾಕ್ಟೀರಿಯಾ ಬೆಳೆಯೋದು ಗಾಳಿ ಇಲ್ಲದ, ಹುಳಿ ಕಮ್ಮಿ ಇರೋ ಕಡೆ, ಎಣ್ಣೆಯೊಳಗೆ ಮುಳುಗಿಸಿಟ್ರೆ ಅದಕ್ಕೆ ಬೇಕಾದ ಜಾಗ ನೀವೇ ಮಾಡಿಕೊಟ್ಟ ಹಾಗೆ. ವಾಸನೆಯಿಂದಾಗ್ಲಿ ಬಣ್ಣದಿಂದಾಗ್ಲಿ ಗೊತ್ತಾಗತ್ತೆ ಅಂತ ನೆಚ್ಕೊಳ್ಳೋ ಹಾಗಿಲ್ಲ. ನಾವು ಹಾಕೋ ಎರಡು ಚಮಚ ನಿಂಬೆ ರಸ ಇದನ್ನ ತಡೆಯತ್ತೆ ಅಂತ ನಂಬ್ಕೊಂಡು ಕೂರೋ ಹಾಗೂ ಇಲ್ಲ.

ಹಾಗಾಗಿ ಮಾಡಿದ ತಕ್ಷಣ ಫ್ರಿಜ್, 4 ಡಿಗ್ರಿ ಅಥವಾ ಅದಕ್ಕಿಂತ ಕಮ್ಮಿ. ಟೇಬಲ್ ಮೇಲೆ ಒಟ್ಟು ಎರಡು ಗಂಟೆಗಿಂತ ಹೆಚ್ಚು ಇಡಬೇಡಿ. ನಾಲ್ಕು ದಿನದೊಳಗೆ ಮುಗಿಸಿ. ಮುಂಚಿತವಾಗಿ ಮಾಡಿಡಬೇಕು ಅಂದ್ರೆ ಬೆಳ್ಳುಳ್ಳಿ ಹಾಕದೆ ಮಾಡಿ ಫ್ರಿಜ್ಜಲ್ಲಿಟ್ಟು, ಕೊಡೋ ದಿನ ಬೆಳ್ಳುಳ್ಳಿ ಅರೆದು ಬೆರೆಸಿ, ರುಚಿಗೂ ಅದೇ ಒಳ್ಳೇದು. ಬಾಟಲಿಗೆ ತುಂಬಿ ಎಣ್ಣೆ ಸುರಿದು ಅಲಮಾರಿನಲ್ಲಿ ತಿಂಗಳುಗಟ್ಟಲೆ ಇಡೋದು, ಗಿಫ್ಟ್ ಅಂತ ಕೊಡೋದು, ಇದನ್ನ ಮನೇಲಿ ಮಾಡಿದ ಟ್ಯಾಪನಾಡ್‌ಗೆ ಮಾಡ್ಲೇಬೇಡಿ.

ಫ್ರಿಜ್ಜಿಂದ ತೆಗೆದಾಗ ಬಿಳಿ ಬಿಳಿ ಚುಕ್ಕೆ ಕಂಡ್ರೆ ಬಹುತೇಕ ಅದು ಗಟ್ಟಿಯಾದ ಆಲಿವ್ ಎಣ್ಣೆ, ಆಚೆ ಇಟ್ಟ ಸ್ವಲ್ಪ ಹೊತ್ತಿಗೆ ಕರಗಿಹೋಗತ್ತೆ. ಕರಗದೆ ಉಳಿದ್ರೆ, ಹತ್ತಿ ಥರ ರೋಮ ರೋಮ ಇದ್ರೆ ಅದು ಬೂಸ್ಟು, ಮೇಲಿಂದ ಕೆರೆದು ತಿನ್ನಬೇಡಿ, ಪೂರ್ತಿ ಎಸೀರಿ. ಜಾಸ್ತಿ ಮಾಡಿಬಿಟ್ಟಿದ್ರೆ ಮಾಡಿದ ದಿನವೇ ಐಸ್ ಟ್ರೇ ಗುಳಿಗಳಿಗೆ ತುಂಬಿ ಫ್ರೀಜ್ ಮಾಡಿ, ಗಟ್ಟಿಯಾದ ಮೇಲೆ ಕವರಿಗೆ ಹಾಕಿಟ್ರೆ ಎರಡು ಮೂರು ತಿಂಗಳು ಬರತ್ತೆ. ಕರಗಿಸೋದು ಫ್ರಿಜ್ಜಿನೊಳಗೇ, ರಾತ್ರಿ ಇಟ್ರೆ ಬೆಳಗ್ಗೆಗೆ ಆಗಿರತ್ತೆ. ಕರಗಿದ ಮೇಲೆ ಸ್ವಲ್ಪ ನೀರು ಬಿಟ್ಟಿರತ್ತೆ, ಬಗ್ಗಿಸಿ ಚೆಲ್ಲಿ ಒಂದು ಚಮಚ ಹೊಸ ಎಣ್ಣೆ ಹಾಕಿ ಕಲಸಿ. ಹಾಗೆ ಕರಗಿಸಿದ್ದು ಟೋಸ್ಟ್‌ಗಿಂತ ಬಿಸಿ ಪಾಸ್ತಾಗೆ ಬೆರೆಸೋಕೆ ಚೆನ್ನಾಗಿರತ್ತೆ, ಇಬ್ಬರಿಗೆ ಎರಡು ಕ್ಯೂಬ್ ಸಾಕು, ಮತ್ತೆ ಪಾಸ್ತಾ ಬೇಯಿಸೋ ನೀರಿಗೆ ಉಪ್ಪು ಅರ್ಧಕ್ಕರ್ಧ ಕಮ್ಮಿ ಹಾಕಿ.